ಹಾಡಿಗೆ ಬಂದ ಹೆಸರು ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 24. ಮೂರು ವರ್ಷದ ಹಿಂದೆ ಟಿವಿಯ ಹಾಡಿನ ಸ್ಪರ್ಧೆಯೊಂದರಲ್ಲಿ ಸೆಮಿಫೈನಲ್‌ವರೆಗೆ ಹೋಗಿದ್ದೆ. ಊರಿಗೆ ಬಂದಾಗ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದರು. ಆಮೇಲೆ ಗಣಪತಿ, ರಾಜ್ಯೋತ್ಸವ, ಜಾತ್ರೆ ಎಂದು ಬಿಡುವಿಲ್ಲದಷ್ಟು ಕಾರ್ಯಕ್ರಮ. ಹೊಸ ಸೀಸನ್ ಶುರುವಾದ ಮೇಲೆ ಫೋನ್ ಬರುವುದೇ ನಿಂತುಹೋಯಿತು. ಕಳೆದ ಗಣಪತಿಗೆ ಪಕ್ಕದ ಊರಿನವರೇ ಬೇರೆ ಹುಡುಗಿಯನ್ನು ಕರೆಸಿದರು. ನನ್ನ ಹಾಡಿನ ವಿಡಿಯೊಗೆ ಲಕ್ಷಗಟ್ಟಲೆ ವ್ಯೂಸ್ ಇದೆ, ನನಗೆ ಒಂದು ರೂಪಾಯಿಯೂ ಬಂದಿಲ್ಲ. ಶ್ರುತಿ ಹಾಕಿಕೊಂಡು ಕೂತರೂ ಹಾಡಲು ಮನಸ್ಸಾಗುವುದಿಲ್ಲ, ರಾತ್ರಿ ನಿದ್ದೆ ಇಲ್ಲ. ಒಂದು ಶಾಲೆಯಲ್ಲಿ ಸಂಗೀತ ಟೀಚರ್ ಕೆಲಸ ಸಿಕ್ಕಿದೆ. ‘ಟಿವಿಗೆ ಹೋದವಳು ಕೊನೆಗೆ ಇಲ್ಲಿಗೆ ಬಂದಳು’ ಅನ್ನುತ್ತಾರೇನೋ ಎಂಬ ಭಯ. ಆ ಹೆಸರೆಲ್ಲ ಸುಳ್ಳಾ? ನನ್ನ ಹಾಡಿನಲ್ಲೇ ಏನೂ ಇರಲಿಲ್ಲವಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಕೊನೆಯಲ್ಲಿ ನೀವು ಎರಡು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಕೇಳಿದ್ದೀರಿ. ಹೆಸರು ಸುಳ್ಳಾ ಎನ್ನುವುದು ಒಂದು, ಹಾಡಿನಲ್ಲಿ ಏನೂ ಇರಲಿಲ್ಲವಾ ಎನ್ನುವುದು ಇನ್ನೊಂದು. ಹೆಸರು ಹೋಯಿತು ಎಂದ ಮೇಲೆ ಹಾಡಿನಲ್ಲೇ ಏನೋ ಕೊರತೆ ಇದ್ದಿರಬೇಕು ಎಂದು ನಿಮ್ಮ ಮನಸ್ಸು ತೀರ್ಪು ಕೊಟ್ಟುಬಿಟ್ಟಿದೆ. ನಿದ್ದೆ ಕೆಡಿಸಿರುವುದು ಆ ತೀರ್ಪೇ. ಆ ಹೆಸರು ಟೊಳ್ಳು ಎಂದು ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ. ಆದರೆ ಅದು ಬರುವಾಗ ನಿಮ್ಮ ಹಾಡನ್ನು ತೂಗಿ ನೋಡಿ ಬಂದಿರಲಿಲ್ಲ. ಹೋಗುವಾಗಲೂ ತೂಗಿ ನೋಡಿ ಹೋಗಿಲ್ಲ.

ನಿಮ್ಮ ಪತ್ರದಲ್ಲೇ ಇದಕ್ಕೆ ಸಾಕ್ಷಿ ಇದೆ. ಫೋನ್ ನಿಂತದ್ದು ಯಾವಾಗ ಎಂದರೆ ಹೊಸ ಸೀಸನ್ ಶುರುವಾದ ಮೇಲೆ ಎಂದಿದ್ದೀರಿ. ಗಂಟಲು ಕೆಟ್ಟಿತು, ಶ್ರುತಿ ತಪ್ಪಿತು, ಜನ ಬೇಸತ್ತು ಎದ್ದುಹೋದರು ಎಂದು ಎಲ್ಲೂ ಬರೆದಿಲ್ಲ. ಮೂರು ವರ್ಷದ ಹಿಂದಿನ ಗಂಟಲೇ ಈಗಲೂ ಇದೆ. ಬದಲಾದದ್ದು ಟಿವಿಯ ವೇಳಾಪಟ್ಟಿ.

ಹಾಸನ, ಚಿಕ್ಕಮಗಳೂರು ಕಡೆಯ ಗಣಪತಿ ಪೆಂಡಾಲುಗಳ ಕಾರ್ಯಕ್ರಮ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ವೇದಿಕೆಯ ಮೇಲೆ ಕೂತೂ ನೋಡಿದ್ದೇನೆ, ಹಿಂದೆ ನಿಂತೂ ನೋಡಿದ್ದೇನೆ. ಹಬ್ಬ ಇನ್ನೂ ದೂರ ಇರುವಾಗಲೇ ಸಮಿತಿಯ ಹುಡುಗರು ರಸೀದಿ ಪುಸ್ತಕ ಹಿಡಿದು ಹೊರಡುತ್ತಾರೆ. ಅಂಗಡಿಯವರು, ತೋಟದ ಸಾಹುಕಾರರು, ಮುಂದಿನ ಚುನಾವಣೆಗೆ ಟಿಕೆಟ್ ಆಸೆಯಲ್ಲಿರುವವರು, ಎಲ್ಲರೂ ಕೇಳುವುದು ಒಂದೇ ಮಾತು: ‘ಈ ಸಲ ಯಾರನ್ನ ಕರೆಸ್ತಿದೀರಪ್ಪ?’ ಅದಕ್ಕೊಂದು ಉತ್ತರ ಇದ್ದರೆ ಚಂದಾ ಹೆಚ್ಚು ಬರುತ್ತದೆ. ಒಂದಷ್ಟು ಕಾಲ ಆ ಉತ್ತರ ನೀವಾಗಿದ್ದಿರಿ.

ಆಗಿನ ಫ್ಲೆಕ್ಸ್ ಒಂದನ್ನು ನೆನಪಿಸಿಕೊಳ್ಳಿ. ಮೇಲೆ ಗಣಪತಿ, ಎರಡೂ ಬದಿಗೆ ದಾನಿಗಳ ಪಾಸ್‌ಪೋರ್ಟ್ ಸೈಜಿನ ಫೋಟೊಗಳ ಸಾಲು, ನಡುವೆ ಮೈಕ್ ಹಿಡಿದ ನಿಮ್ಮ ಚಿತ್ರ, ಪಕ್ಕದಲ್ಲಿ ಆ ಟಿವಿ ಕಾರ್ಯಕ್ರಮದ ಲಾಂಛನ. ಲಾಂಛನ ನಿಮ್ಮ ಮುಖದಷ್ಟೇ ದೊಡ್ಡದಿತ್ತು ಅಲ್ಲವೇ? ಹೆಸರು ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಎಷ್ಟೋ ಸಲ ಒತ್ತಕ್ಷರ ತಪ್ಪಿ. ಮರುವರ್ಷ ಫ್ಲೆಕ್ಸ್ ಅಂಗಡಿಯವನು ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆಯುತ್ತಾನೆ. ಫೋಟೊ ತೆಗೆದು ಫೋಟೊ ಹಾಕುತ್ತಾನೆ, ಹೆಸರು ಅಳಿಸಿ ಹೆಸರು ಹೊಡೆಯುತ್ತಾನೆ. ಲಾಂಛನವನ್ನು ಮುಟ್ಟುವುದೇ ಇಲ್ಲ. ಚಂದಾ ಬಂದದ್ದು ಆ ಲಾಂಛನಕ್ಕೆ. ಪಕ್ಕದ ಊರಿನವರು ನಿಮ್ಮನ್ನು ಬಿಟ್ಟದ್ದರಲ್ಲಿ ನಿಮ್ಮ ಮೇಲೆ ತಾತ್ಸಾರವೇನೂ ಇಲ್ಲ, ಯಾಕೆಂದರೆ ಮೊದಲ ಸಲವೂ ಅವರು ನಿಮ್ಮ ಹಾಡು ಕೇಳಿ ಕರೆದಿರಲಿಲ್ಲ. ಈ ಮಾತು ಕಹಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದು ಒಳಗೆ ಇಳಿದರೆ ಅವಮಾನ ಎನಿಸುತ್ತಿರುವುದರಲ್ಲಿ ಬಹುಪಾಲು ಕರಗುತ್ತದೆ.

ಟಿವಿಯ ಕಥೆಯೂ ಹೀಗೆಯೇ. ಅಲ್ಲಿ ಹಾಡನ್ನು ಎರಡು ನಿಮಿಷದ ಆಸುಪಾಸಿಗೆ ಕತ್ತರಿಸುತ್ತಾರೆ. ಪಲ್ಲವಿ, ಒಂದು ಚರಣ, ಕೊನೆಯಲ್ಲಿ ತೀರ್ಪುಗಾರರು ಎದ್ದು ನಿಲ್ಲುವಂತೆ ಒಂದು ಏರು ಸ್ವರ. ಪ್ರಸಾರಕ್ಕೆ ಮುಂಚೆ ಧ್ವನಿಯನ್ನು ತಿದ್ದಿ ತೀಡುತ್ತಾರೆ. ಹಾಡಿನ ಮುಂಚೆ ನಿಮ್ಮ ಮನೆಯಂಗಳ, ಕಾಫಿ ಗಿಡಗಳ ನಡುವೆ ನಡೆದು ಬರುವ ಅಪ್ಪ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ಅಮ್ಮ. ನೋಡಿದವರ ಮನಸ್ಸಿನಲ್ಲಿ ಕೂತದ್ದು ಹಾಡೋ ಆ ಅಂಗಳವೋ ಎಂದು ಕೇಳಿದರೆ ಅವರಿಗೂ ಹೇಳಲು ಬಾರದು. ಪ್ರತಿ ಸೀಸನ್ನಿಗೂ ಹತ್ತಾರು ಹೊಸ ಅಂಗಳಗಳು ಬೇಕು. ಹಳೆಯ ಅಂಗಳ ಎಷ್ಟೇ ಚೆನ್ನಾಗಿದ್ದರೂ ಎರಡನೇ ಸಲ ತೋರಿಸಿದರೆ ಚಾನೆಲ್‌ಗೆ ಗಿಟ್ಟುವುದಿಲ್ಲ. ಇದನ್ನು ಮೋಸ ಎಂದು ನಾನು ಕರೆಯುವುದಿಲ್ಲ. ನುರಿತ ವಾದ್ಯಗಾರರ ಜೊತೆ ಹಾಡಿದ್ದು, ಮೈಕಿನ ಮುಂದೆ ಉಸಿರು ನಿಭಾಯಿಸಲು ಕಲಿತದ್ದು ನಿಮ್ಮ ಗಂಟಲಿಗೆ ಸೇರಿದ ಗಳಿಕೆ. ಅದನ್ನು ಯಾವ ಸೀಸನ್ನೂ ವಾಪಸು ಕೇಳುವುದಿಲ್ಲ.

‘ಆದರೂ ನಿಜವಾಗಿ ಚೆನ್ನಾಗಿ ಹಾಡುವವರು ಹೇಗಾದರೂ ಮೇಲೆ ಬಂದೇ ಬರುತ್ತಾರಲ್ಲ’ ಎಂದು ನಿಮ್ಮ ಮನಸ್ಸು ವಾದಿಸಬಹುದು. ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಸಂಶೋಧಕರು ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು ಇಂಟರ್‌ನೆಟ್ಟಿನಲ್ಲಿ ಇಟ್ಟು, 14,000ಕ್ಕೂ ಹೆಚ್ಚು ಜನರಿಗೆ ಕೇಳಿಸಿದರು. ಇಷ್ಟವಾದದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದಿತ್ತು. ಒಂದು ಗುಂಪಿಗೆ ಬರೀ ಹಾಡುಗಳು ಕಾಣುತ್ತಿದ್ದವು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕವನ್ನೂ ತೋರಿಸಿದರು. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಲೆಕ್ಕ ಕಾಣುತ್ತಿದ್ದ ಗುಂಪುಗಳಲ್ಲಿ ಗೆದ್ದ ಹಾಡು ಬಹಳ ದೊಡ್ಡದಾಗಿ ಗೆದ್ದಿತ್ತು. ಆದರೆ ಗೆದ್ದ ಹಾಡು ಗುಂಪಿನಿಂದ ಗುಂಪಿಗೆ ಬೇರೆ. ಒಂದು ಗುಂಪಿನಲ್ಲಿ ಮೊದಲನೇ ಸ್ಥಾನ ಪಡೆದ ಹಾಡು ಇನ್ನೊಂದರಲ್ಲಿ 40ನೇ ಸ್ಥಾನದಲ್ಲಿತ್ತು. ತೀರಾ ಒಳ್ಳೆಯವು ನೆಲ ಕಚ್ಚುವುದು ಅಪರೂಪ, ತೀರಾ ಕಳಪೆ ಹಾಡು ಗೆಲ್ಲುವುದೂ ಅಪರೂಪ. ನಡುವೆ ಇದ್ದವುಗಳ ಹಣೆಬರಹವನ್ನು ಮೊದಲು ಬಂದ ನಾಲ್ಕು ಜನ ಯಾವುದನ್ನು ಒತ್ತಿದರು ಎಂಬುದೇ ಬರೆಯಿತು. ಅದೇ ಹಾಡು, ಅದೇ ಧ್ವನಿ.

ನಿಮ್ಮ ಸ್ಪರ್ಧೆಯನ್ನು ಎಂಟು ಸಲ ಬೇರೆ ಬೇರೆಯಾಗಿ ನಡೆಸಿದ್ದರೆ ಒಮ್ಮೆ ನೀವೇ ಗೆಲ್ಲಬಹುದಿತ್ತು, ಇನ್ನೊಮ್ಮೆ ಮೂರನೇ ವಾರಕ್ಕೇ ಹೊರಬೀಳಬಹುದಿತ್ತು. ಗೆದ್ದವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದಕ್ಕೂ, ನಿಮ್ಮನ್ನು ನೀವೇ ಹಳಿದುಕೊಳ್ಳುವುದಕ್ಕೂ ಇದರಲ್ಲಿ ಆಧಾರ ಸಿಗುವುದಿಲ್ಲ.

ಸರಿ, ಹೆಸರು ನಿಜವಾದದ್ದೇ ಆಗಿದ್ದರೆ? ಧ್ವನಿಯ ಬಲದಿಂದಲೇ ದೇಶವೆಲ್ಲ ಹಬ್ಬಿದ್ದರೆ? ಆಗಲೂ ಅದು ಕೈಯಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ನಮ್ಮ ಮೈಸೂರಿನಲ್ಲೇ ಕಣ್ಣುಮುಚ್ಚಿದ ಗೌಹರ್ ಜಾನ್ ಇದ್ದಾರೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದಾಗ, ಭಾರತದಲ್ಲಿ ಮೊಟ್ಟಮೊದಲು ಧ್ವನಿಮುದ್ರಣವಾದ ಗಾಯಕಿಯರಲ್ಲಿ ಅವರೂ ಒಬ್ಬರು. ಮುಂದೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಗ್ರಾಮಫೋನ್ ತಟ್ಟೆಗಳು ಬಂದವು. 1911ರ ದೆಹಲಿ ದರ್ಬಾರಿನಲ್ಲಿ ಚಕ್ರವರ್ತಿಯ ಮುಂದೆ ಹಾಡಿದರು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಅವರ ಚಿತ್ರ ಇರುತ್ತಿತ್ತು.

ಆ ಹಳೆಯ ತಟ್ಟೆಗಳನ್ನು ಇಂದು ಕೇಳಿದರೆ, ಮೂರು ನಿಮಿಷದ ಹಾಡು ಮುಗಿಯುತ್ತಲೇ ಗಟ್ಟಿ ಧ್ವನಿಯಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎನ್ನುವುದು ಕೇಳುತ್ತದೆ. ಕೇಳುವವರಿಗೆ ಅದು ಕಲಾವಿದೆಯ ಠೇಂಕಾರದಂತೆ ಅನಿಸುತ್ತದೆ. ಆದರೆ ಅದನ್ನು ಹೇಳಿಸುತ್ತಿದ್ದ ಕಾರಣವೇ ಬೇರೆ. ಮೇಣದ ಮೇಲೆ ಮುದ್ರಿಸಿದ ಹಾಡು ತಟ್ಟೆಯಾಗಲು ಜರ್ಮನಿಯ ಹ್ಯಾನೋವರಿನ ಕಾರ್ಖಾನೆಗೆ ಹೋಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲು ಹಾಡಿದವರೇ ಕೊನೆಗೆ ಹೆಸರು ಹೇಳಬೇಕಿತ್ತು.

ಇಷ್ಟೆಲ್ಲ ಆದವರು ಕೊನೆಗಾಲದಲ್ಲಿ ಕೋರ್ಟು ಕಚೇರಿ ಅಲೆದರು, ಆಸ್ತಿ ಕರಗಿತು, ಸುತ್ತ ಇದ್ದವರು ಚದುರಿದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿನ ಆಸ್ಥಾನಕ್ಕೆ ಕರೆಸಿಕೊಂಡರು. ತಿಂಗಳಿಗೆ 500 ರೂಪಾಯಿ ಸಂಬಳ. ಎರಡು ವರ್ಷ ತುಂಬುವ ಮುಂಚೆ, 1930ರ ಜನವರಿ 17ರಂದು, ಅವರು ತೀರಿಕೊಂಡರು. ಅವರ ಹಾಡನ್ನು ನಾನು ವಿದ್ಯಾರ್ಥಿಗಳಿಗೆ ಆಗಾಗ ಕೇಳಿಸುತ್ತೇನೆ. ಬೆಂಕಿಪೊಟ್ಟಣವನ್ನು ಕಂಡವರು ಅವರಲ್ಲಿ ಯಾರೂ ಇಲ್ಲ, ದರ್ಬಾರಿನ ಸುದ್ದಿ ಗೊತ್ತಿದ್ದವರೂ ಇಲ್ಲ. ಆ ಕರಕರ ಸದ್ದಿನ ನಡುವಿನಿಂದ ಒಂದು ತಾನ ಸುಳಿದು ಬಂದಾಗ ಮಕ್ಕಳು ಮಾತು ನಿಲ್ಲಿಸಿ ಕಿವಿಗೊಡುತ್ತಾರೆ. ಅದು ಖ್ಯಾತಿಗೆ ಕೊಟ್ಟ ಕಿವಿಯಲ್ಲ, ಗಂಟಲಿಗೆ ಕೊಟ್ಟದ್ದು.

ಜನರ ನೆನಪು ಎಷ್ಟು ದಿನ ಎಂಬುದಕ್ಕೂ ಅಳತೆ ಇದೆ. 2019ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಎಂಬ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹಾಡು, ಸಿನಿಮಾ, ಸಂಶೋಧನೆ, ಆಟಗಾರರು ಮುಂತಾದ ಬಗೆಬಗೆಯ ಸಂಗತಿಗಳನ್ನು ಜನ ಎಷ್ಟು ಕಾಲ ಗಮನದಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ನೋಡಿತು. ಎಲ್ಲದರಲ್ಲೂ ಎರಡು ಹಂತ ಕಂಡಿತು. ಮೊದಲು ಬಾಯಿಂದ ಬಾಯಿಗೆ ಹರಡುವ ಮಾತು, ಅದು ಬೇಗ ಇಳಿಯುತ್ತದೆ. ಆಮೇಲೆ ದಾಖಲೆಯಲ್ಲಿ ಉಳಿದದ್ದು, ಅದು ನಿಧಾನವಾಗಿ ಮಾಸುತ್ತದೆ. ಆಟಗಾರರ ಬಗ್ಗೆ ಮಾತು ಇಪ್ಪತ್ತು ಮೂವತ್ತು ವರ್ಷ ನಡೆದರೆ ಹಾಡುಗಳ ಬಗ್ಗೆ ಐದಾರು ವರ್ಷ ಅಷ್ಟೇ. ಇದು ಪಾಪ್ಯುಲರ್ ಪಟ್ಟಿ ಸೇರಿದ ದೊಡ್ಡ ದೊಡ್ಡ ಹಾಡುಗಳ ಲೆಕ್ಕ. ನಮ್ಮ ಸೀಮೆಯ ಒಬ್ಬ ಹುಡುಗಿಯ ಟಿವಿ ಹಾಡಿಗೆ ಒಂದೂವರೆ ವರ್ಷ ಕರೆ ಬಂದಿದ್ದರೆ ಅದು ಕಡಿಮೆಯೇನಲ್ಲ.

ನಿಮ್ಮ ಮನೆಯಿಂದ ಬೇಲೂರು ದೂರವಿಲ್ಲ. ಶಾಂತಲೆಯನ್ನು ಶಾಸನಗಳು ಹಾಡು, ವಾದ್ಯ, ನೃತ್ಯ ಮೂರರಲ್ಲೂ ಬಲ್ಲವಳೆಂದು ಹೊಗಳುತ್ತವೆ. ಒಂಬೈನೂರು ವರ್ಷ ಆ ಹೊಗಳಿಕೆ ಕಲ್ಲಿನಲ್ಲಿ ಉಳಿದಿದೆ. ಅವಳು ಏನು ಹಾಡಿದಳು, ಹೇಗೆ ಹಾಡಿದಳು ಎಂಬುದರ ಒಂದು ಸ್ವರವೂ ಉಳಿದಿಲ್ಲ. ಗುಡಿಯ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ಹೆಸರು ಕೆತ್ತಿಕೊಂಡಿದ್ದಾರೆ. ಮದನಿಕೆಯ ಪಕ್ಕ ಮೊಣಕಾಲೆತ್ತರಕ್ಕೆ ನಿಂತು ಮದ್ದಳೆ ಬಾರಿಸುವ ಪುಟ್ಟ ವಾದ್ಯಗಾರರಿಗೆ ಹೆಸರೇ ಇಲ್ಲ. ಮುಂದಿನ ಸಲ ಹೋದಾಗ ಅವರ ಬೆರಳುಗಳನ್ನು ಹತ್ತಿರದಿಂದ ನೋಡಿ.

ಇನ್ನು ನಿಮ್ಮದೇ ಊರಿನ ಸುಗ್ಗಿ ಪದಗಳನ್ನು ತೆಗೆದುಕೊಳ್ಳಿ. ಸಕಲೇಶಪುರ, ಮೂಡಿಗೆರೆ ಕಡೆಯ ಸುಗ್ಗಿಯಲ್ಲಿ, ಕೊಪ್ಪ, ಶೃಂಗೇರಿ ಕಡೆ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬಂದಾಗ ಹಾಡುವ ಪದಗಳನ್ನು ಕಟ್ಟಿದವರು ಯಾರು? ಒಬ್ಬರ ಹೆಸರೂ ಇಲ್ಲ. ಪದ ಮಾತ್ರ ಬಾಯಿಂದ ಬಾಯಿಗೆ ನಡೆದು ಬಂದಿದೆ. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಹೆಂಗಸರ ಬಾಯಿಂದ ಇಂಥ ಹಾಡುಗಳನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದ್ದು ಆ ಹಾಡುಗಳ ಕಸುವನ್ನು ಕಂಡು. ಹಾಡಿದವರಿಗೆ ಹೆಸರಿತ್ತೆಂದು ಅಲ್ಲ.

ಹೆಸರಿಗೆ ಬೆನ್ನು ಹಾಕಿ ಕಾಡಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ನೀವು ಇನ್ನೂ ಬಹಳ ವರ್ಷ ಹಾಡಬೇಕಾದವರು. ಅದಕ್ಕೆ ಯಾವ ಥರದ ಬದುಕು ಬೇಕು ಎಂದು ನೋಡಲು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಒಮ್ಮೆ ಹೋಗಿಬನ್ನಿ. ಕಾವೇರಿ ದಂಡೆಯ ಸಣ್ಣ ಊರು. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್, ಅವರ ಅಣ್ಣ ಪಿಟೀಲು ವಿದ್ವಾಂಸ ವೆಂಕಟರಾಮ ಶಾಸ್ತ್ರಿಗಳು, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ, ಇವರೆಲ್ಲ ಆ ಊರಿನವರು. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದ ಮಂದಿರ ಕಟ್ಟಿಸಿದ್ದಾರೆ. ಪ್ರತಿ ವರ್ಷ ಸಂಗೀತೋತ್ಸವ ನಡೆಯುತ್ತದೆ.

ಶ್ರೀಕಂಠನ್ ಅವರನ್ನೇ ನೋಡಿ. 1920ರಲ್ಲಿ ಹುಟ್ಟಿದವರು. ದಶಕಗಟ್ಟಲೆ ಆಕಾಶವಾಣಿಯ ನೌಕರಿ ಮಾಡಿದರು. ಬೆಳಿಗ್ಗೆ ಸಂಜೆ ಪಾಠ ಹೇಳಿದರು. ಮದ್ರಾಸಿನ ಸಂಗೀತ ಕಲಾನಿಧಿ ಬಿರುದು ಬಂದದ್ದು 1995ರಲ್ಲಿ, ಎಪ್ಪತ್ತೈದನೇ ವಯಸ್ಸಿಗೆ. ಪದ್ಮಭೂಷಣ 2011ರಲ್ಲಿ, ತೊಂಬತ್ತು ದಾಟಿದ ಮೇಲೆ. 2014ರಲ್ಲಿ ತೀರಿಕೊಳ್ಳುವವರೆಗೂ ಹಾಡಿದರು. ತೊಂಬತ್ತರ ಗಂಟಲಿನಲ್ಲೂ ಸಾಹಿತ್ಯದ ಒಂದಕ್ಷರ ಜಾರದಂಥ ಶುದ್ಧಿ ಇತ್ತು. ಬಿರುದು ಬರುತ್ತದೆ ಎಂದು ಅಷ್ಟು ವರ್ಷ ಕಾದು ಕೂತವರ ಗಂಟಲು ಹಾಗೆ ಉಳಿಯುವುದಿಲ್ಲ. ಬಂದರೂ ಬರದಿದ್ದರೂ ನಾಳೆ ಬೆಳಿಗ್ಗೆ ಶಿಷ್ಯನಿಗೆ ಮುಂದಿನ ಸಂಗತಿ ಹೇಳಿಕೊಡಬೇಕಲ್ಲ ಎನ್ನುವವರದ್ದು ಉಳಿಯುತ್ತದೆ.

ಸುಗಮ ಸಂಗೀತ ಬೇಕೆಂದರೆ ಸಿ. ಅಶ್ವಥ್ ಇದ್ದಾರೆ, ನಮ್ಮ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಹಾಡು ಕೇಳಲು ಸೇರಿದ ಜನಸಾಗರವನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕೆ ಮುಂಚೆ ಅವರು ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ಬಹಳ ವರ್ಷ ನೌಕರಿ ಮಾಡಿದ್ದನ್ನು ನೆನೆಯುವವರು ಕಡಿಮೆ. ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ನೌಕರಿ ಇದ್ದುದರಿಂದ ಇವರ ಹಾಡು ಸಣ್ಣದಾಗಲಿಲ್ಲ. ಮನೆ ಬಾಡಿಗೆಯ ಚಿಂತೆ ಇಲ್ಲದ್ದರಿಂದ ಒಲ್ಲದ ಹಾಡಿಗೆ ಒಲ್ಲೆ ಎನ್ನುವ ಸ್ವಾತಂತ್ರ್ಯ ಉಳಿಯಿತು ಎಂದೇ ನಾನು ತಿಳಿದಿದ್ದೇನೆ.

ವ್ಯೂಸ್ ಮತ್ತು ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೀವು ಟಿವಿಯಲ್ಲಿ ಹಾಡಿದ್ದು ಸಿನಿಮಾ ಹಾಡು ಇರಬೇಕು. ಅದರ ಸಾಹಿತ್ಯ, ಸಂಗೀತದ ಹಕ್ಕು ಬೇರೆಯವರದು, ಧ್ವನಿಮುದ್ರಣ ಚಾನೆಲ್‌ನದು. 2012ರ ಕಾಪಿರೈಟ್ ತಿದ್ದುಪಡಿಯಿಂದ ಗೀತರಚನೆಕಾರರು, ಸಂಗೀತ ನಿರ್ದೇಶಕರ ರಾಯಲ್ಟಿಗೆ ಬಲ ಬಂತು. ಹಾಡುಗಾರರ ಹಕ್ಕಿಗೂ ಜಾಗ ಸಿಕ್ಕಿತು. ಆದರೂ ನೀವು ಸಹಿ ಹಾಕಿದ ಒಪ್ಪಂದದಲ್ಲಿ ಏನಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಆ ಕಾಗದವನ್ನು ಒಬ್ಬ ವಕೀಲರಿಗೆ ತೋರಿಸಿ. ಮುಖ್ಯವಾಗಿ ಬೇರೆ ಕಡೆ ಹಾಡಬಾರದು ಎಂಬ ಷರತ್ತಿನ ಅವಧಿ ಮುಗಿದಿದೆಯೇ ಎಂದು ಕೇಳಿ. ನಿಮ್ಮದೇ ಎನ್ನುವ ಧ್ವನಿಮುದ್ರಣ ಬೇಕಿದ್ದರೆ ನಿಮ್ಮ ಅಜ್ಜಿಯೋ ದೊಡ್ಡಮ್ಮನೋ ಹಾಡುತ್ತಿದ್ದ ಸುಗ್ಗಿ ಪದಗಳನ್ನು ನೀವೇ ಖರ್ಚು ಹಾಕಿ ಮುದ್ರಿಸಿ. ಪದ ಜನಪದರದ್ದು, ಮುದ್ರಣದ ಹಕ್ಕು 60 ವರ್ಷ ನಿಮ್ಮದು. ಅದರಿಂದ ತಿಂಗಳ ಖರ್ಚು ನಡೆಯುತ್ತದೆ ಎಂಬ ಆಸೆ ಬೇಡ. ಇಂಟರ್‌ನೆಟ್ಟಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಂಥ ದೊಡ್ಡ ಕಂಪನಿಯೇ 2024ರಿಂದ ವರ್ಷಕ್ಕೆ 1000 ಸಲ ಕೇಳದ ಹಾಡಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿದೆ.

ನಿದ್ದೆಯ ಬಗ್ಗೆ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಅದು ಸಣ್ಣ ಮಾತಾಗಿ ಕಾಣಲಿಲ್ಲ. ಎರಡು ವಾರಕ್ಕೂ ಮೀರಿ ಹೀಗೇ ನಡೆದಿದ್ದರೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಿ. ಹೊರಡಲು ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಶ್ರುತಿ ಹಾಕಿಕೊಂಡರೂ ಹಾಡಲು ಮನಸ್ಸಾಗುವುದಿಲ್ಲ ಎಂದಿರಿ. ಯಾಕೆಂದು ನನಗೆ ಅನಿಸುವುದನ್ನು ಹೇಳುತ್ತೇನೆ. ನೀವು ಬಾಯಿ ತೆರೆದ ಕೂಡಲೇ ಎದುರಿಗೆ ತೀರ್ಪುಗಾರರು ಬಂದು ಕೂರುತ್ತಾರೆ, ಕ್ಯಾಮೆರಾ ಬರುತ್ತದೆ, ಕೊನೆಯಲ್ಲಿ ಚಪ್ಪಾಳೆ ಬರುವುದಿಲ್ಲ. ಚಪ್ಪಾಳೆ ಬರಲು ಸಾಧ್ಯವೇ ಇಲ್ಲದ ಜಾಗದಿಂದ ಶುರು ಮಾಡಿ: ಮಂದ್ರಸ್ಥಾಯಿ, ಅಂದರೆ ಕೆಳಗಿನ ಸ್ವರಗಳು. ಟಿವಿಯ ಬಂಡವಾಳವೆಲ್ಲ ತಾರಸ್ಥಾಯಿಯಲ್ಲಿ, ಮೇಲಿನ ಸ್ವರಗಳಲ್ಲಿ. ಅಲ್ಲಿಂದ ಬಂದ ಮಕ್ಕಳ ಗಂಟಲನ್ನು ನಾನು ಪರೀಕ್ಷಿಸಿದಾಗಲೆಲ್ಲ ಮೇಲಿನ ಪಂಚಮ (ಪ) ಗಟ್ಟಿಯಾಗಿರುತ್ತದೆ, ಕೆಳಗಿನ ಪಂಚಮದಲ್ಲಿ ಬರೀ ಗಾಳಿ. ಬೆಳಿಗ್ಗೆ ಎದ್ದು ಬಿಸಿನೀರು ಕುಡಿದು, ಆಧಾರ ಷಡ್ಜದಿಂದ (ಸ) ಒಂದೊಂದೇ ಸ್ವರ ಕೆಳಗಿಳಿದು, ಪ್ರತಿಯೊಂದರ ಮೇಲೂ ಉಸಿರು ಇರುವಷ್ಟು ಹೊತ್ತು ನಿಲ್ಲಿ. ಬಲ ಹಾಕಿ ಒತ್ತಬೇಡಿ.

ಆಮೇಲೆ ಸರಳೆಗೆ, ಸಂಗೀತದ ಮೊದಲ ಪಾಠಕ್ಕೆ ಬನ್ನಿ. ಹೌದು, ಸರಳೆಗೇ. ಸರಳೆ ಹಾಡುವ ಮಾಯಾಮಾಳವಗೌಳ ರಾಗದಲ್ಲಿ ರಿಷಭ (ರಿ) ಷಡ್ಜಕ್ಕೆ ತೀರಾ ಹತ್ತಿರ, ಅಲ್ಲಿಂದ ಗಾಂಧಾರಕ್ಕೆ (ಗ) ದೂರದ ಹೆಜ್ಜೆ. ಅವಸರದಲ್ಲಿ ಹಾಡಿದರೆ ರಿಷಭ ಮೇಲಕ್ಕೆ ಸರಿದುಬಿಡುತ್ತದೆ. ಇಳಿಯುವಾಗ ಮಧ್ಯಮದಿಂದ ಗಾಂಧಾರಕ್ಕೆ ಬರುವಲ್ಲಿ ಗಾಂಧಾರ ಕೂದಲೆಳೆಯಷ್ಟು ಕುಸಿಯುತ್ತದೆ. ಆರ್ಕೆಸ್ಟ್ರಾ ಗದ್ದಲದಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ. ತಂಬೂರಿ ಒಂದೇ ಇರುವಾಗ ನಿಮಗೇ ತಿಳಿಯುತ್ತದೆ. ಮೊದಲನೇ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ, ಆ ರಿಷಭ ತಾನಾಗಿ ತನ್ನ ಜಾಗದಲ್ಲಿ ಕೂರುವವರೆಗೆ ಹಾಡಿ. ಒಂದಷ್ಟು ತಿಂಗಳು ಇದನ್ನು ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ, ಯಾರಿಗೂ ಕಳಿಸಬೇಡಿ. ಸ್ವರ ಸರಿಯಾಗಿ ಕೂತ ಗಳಿಗೆಯಲ್ಲಿ ಮೈಯಲ್ಲಿ ಒಂದು ನೆಮ್ಮದಿ ಹರಿಯುತ್ತದೆ. ಚಿಕ್ಕ ವಯಸ್ಸಿನಲ್ಲಿ ಅದರ ಆಸೆಗೇ ನೀವು ಹಾಡಲು ಕೂತಿರುತ್ತೀರಿ. ಅದು ಮರಳಿ ಬಂದಾಗ ನಿಮಗೇ ಗುರುತು ಸಿಗುತ್ತದೆ.

ಗಂಟಲು ಹದಕ್ಕೆ ಬಂದ ಮೇಲೆ, ಆಕಾಶವಾಣಿಯವರು ಆಡಿಷನ್ನಿಗೆ ಅರ್ಜಿ ಕರೆದಾಗ ಸುಗಮ ಸಂಗೀತದಲ್ಲೋ ಜಾನಪದದಲ್ಲೋ ಹಾಕಿ. ಗ್ರೇಡ್ ಕೊಡುವವರು ನಿಮ್ಮ ಅಂಗಳ ನೋಡುವುದಿಲ್ಲ, ಧ್ವನಿ ಕೇಳುತ್ತಾರೆ. ಬಿ ಗ್ರೇಡ್ ಸಿಕ್ಕರೂ ಅದು ಸೀಸನ್ ಬದಲಾದರೆ ಕಳೆದುಹೋಗುವಂಥದ್ದಲ್ಲ.

ಶಾಲೆಯ ಕೆಲಸ ಒಪ್ಪಿಕೊಳ್ಳಿ. ‘ಟಿವಿಗೆ ಹೋದವಳು ಇಲ್ಲಿಗೆ ಬಂದಳು’ ಎನ್ನುವವರು ಮೊದಲ ತಿಂಗಳು ಎರಡು ಸಲ ಅನ್ನುತ್ತಾರೆ, ಆಮೇಲೆ ತಮ್ಮ ಮಗಳಿಗೆ ಪಾಠ ಹೇಳಿಕೊಡುತ್ತೀರಾ ಎಂದು ಕೇಳಿಕೊಂಡು ಬರುತ್ತಾರೆ. ಟಿವಿ ನೋಡಿ ಬರುವ ಮಕ್ಕಳು ನಿಮ್ಮಲ್ಲಿ ಮೊದಲು ಕೇಳುವುದು ಅಲ್ಲಿಗೆ ಹೋಗುವ ದಾರಿಯನ್ನೇ. ಅವರಿಗೆ ಸುಳ್ಳು ಹೇಳಬೇಡಿ, ಹೆದರಿಸಲೂ ಬೇಡಿ. ಅಲ್ಲಿ ಹಾಡನ್ನು ಹೇಗೆ ಕತ್ತರಿಸುತ್ತಾರೆ, ಒಪ್ಪಂದದಲ್ಲಿ ಏನು ಓದಬೇಕು, ವಾಪಸು ಬಂದ ಮೇಲೆ ಏನಾಗುತ್ತದೆ ಎಂದು ಕಂಡದ್ದನ್ನು ಕಂಡಂತೆ ಹೇಳಿ. ಈ ಜಿಲ್ಲೆಯಲ್ಲಿ ಅದನ್ನು ಹೇಳಬಲ್ಲ ಮೇಷ್ಟ್ರುಗಳು ಬೆರಳೆಣಿಕೆಯಷ್ಟು. ಆಸಕ್ತಿ ಇರುವ ಮಕ್ಕಳನ್ನು ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರಿಸಿ, ನೀವು ಸೀನಿಯರ್ ಮುಗಿಸಿದ್ದರೆ ವಿದ್ವತ್ ಪರೀಕ್ಷೆಗೆ ಓದಿ.

ಸೇರುವ ಮುಂಚೆ ಮೂರು ಮಾತು ಕೇಳಿ, ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ. ಸಂಜೆ ಮತ್ತು ರಜಾದಿನ ಹೊರಗೆ ಹಾಡಲು ಅಡ್ಡಿ ಇರಬಾರದು. ಸಂಗೀತದ ಪೀರಿಯಡ್ಡನ್ನು ಪರೀಕ್ಷೆ ಹತ್ತಿರ ಬಂದಾಗ ಗಣಿತಕ್ಕೋ ವಿಜ್ಞಾನಕ್ಕೋ ಕಿತ್ತುಕೊಳ್ಳಬಾರದು. ತರಗತಿಗೆ ಒಂದು ಶ್ರುತಿಪೆಟ್ಟಿಗೆಯನ್ನು ಶಾಲೆಯ ಖರ್ಚಿನಲ್ಲೇ ಕೊಡಿಸಬೇಕು, ನಿಮ್ಮ ಫೋನಿನ ಆ್ಯಪ್ ಹಾಕಿಕೊಂಡು ನಡೆಸಿ ಎಂದರೆ ಒಪ್ಪಬೇಡಿ, ಪಾಠದ ನಡುವೆ ಫೋನ್ ರಿಂಗಾದರೆ ಮಕ್ಕಳ ಶ್ರುತಿ ಹೋಗುತ್ತದೆ.